ಬೇಸಿಗೆ ರಜೆಗೆ ಮಕ್ಕಳಿಗೆ ನಾಯಿಮರಿ: ಮಾರ್ಚ್‌ನಿಂದ ದೀಪಾವಳಿವರೆಗೆ ಅಪ್ಪ-ಅಮ್ಮ ಮಾಡಬೇಕಾದ ಕೆಲಸ

ವಾರ್ಷಿಕ ಪರೀಕ್ಷೆ ಹತ್ತಿರ ಬಂತು ಅಂದರೆ ಎಷ್ಟೋ ಮನೆಗಳಲ್ಲಿ ಒಂದೇ ಒಪ್ಪಂದ. "ಚೆನ್ನಾಗಿ ಓದು, ರಜೆಗೆ ನಾಯಿಮರಿ ತಂದುಕೊಡ್ತೀವಿ." ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ, ಮರಿ ಮನೆಗೆ. ಒಂದೂವರೆ ತಿಂಗಳು ಮನೆಯೆಲ್ಲಾ ಹಬ್ಬ. ಜೂನ್ ಬಂದರೆ ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ. ಮೂರೂವರೆ ತಿಂಗಳ ಮರಿ ಬಾಗಿಲ ಹಿಂದೆ ಒಂದೇ ಸಮನೆ ಊಳಿಡುತ್ತದೆ. ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ಜುಲೈ ಹೊತ್ತಿಗೆ ವಾಟ್ಸಾಪ್‌ನಲ್ಲಿ ಅದರ ಫೋಟೋ ಓಡಾಡುತ್ತದೆ: "ಯಾರಿಗಾದರೂ ಬೇಕಾ? ತುಂಬಾ ಪ್ರೀತಿಯ ಮರಿ."

ನಮ್ಮ ಬಡಾವಣೆಯಲ್ಲಿ ಇಂಥ ಮರಿಗಳಿಗೆ ಬೇರೆ ಮನೆ ಹುಡುಕುವ ನಾಲ್ಕಾರು ಜನರಲ್ಲಿ ನಾನೂ ಒಬ್ಬಳು. ರಜೆಗೆ ಮರಿ ತರಲೇಬೇಡಿ ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ಸರಿಯಾಗಿ ಮಾಡಿದರೆ ಬೇಸಿಗೆ ರಜೆಗಿಂತ ಒಳ್ಳೇ ಸಮಯ ಇನ್ನೊಂದಿಲ್ಲ. ಆದರೆ ಎಲ್ಲರೂ ಮರಿ ಬರುವ ದಿನಕ್ಕೆ ತಯಾರಿ ಮಾಡುತ್ತಾರೆ. ತಯಾರಿ ಬೇಕಿರುವುದು ಶಾಲೆ ಮತ್ತೆ ಶುರುವಾಗುವ ದಿನಕ್ಕೆ. ಕೆಳಗಿನ ಹಂತಗಳೆಲ್ಲ ಆ ಲೆಕ್ಕದಲ್ಲೇ ಇವೆ.

ಹಂತ 1: ಇದು ಯಾರ ನಾಯಿ ಅಂತ ಮೊದಲು ತೀರ್ಮಾನ ಮಾಡಿ

ಮಕ್ಕಳ ನಾಯಿ ಅನ್ನುವುದು ಇಲ್ಲವೇ ಇಲ್ಲ. ಅದು ಅಪ್ಪ-ಅಮ್ಮನ ನಾಯಿ, ಮಕ್ಕಳು ಅದರ ಜೊತೆ ಆಡುತ್ತಾರೆ ಅಷ್ಟೇ. ನಾಯಿ 10ರಿಂದ 14 ವರ್ಷ ಬದುಕುತ್ತದೆ. ಈಗ ಐದನೇ ಕ್ಲಾಸಿನ ಮಗ ಡಿಗ್ರಿ ಮುಗಿಸಿ ಬೇರೆ ಊರಿಗೆ ಕೆಲಸಕ್ಕೆ ಹೋದಾಗಲೂ ಅದು ನಿಮ್ಮ ಮನೆಯಲ್ಲೇ ಇರುತ್ತದೆ. ಮುದಿಯಾಗಿ, ಮಂಡಿನೋವು ಬಂದು, ದಿನಾ ಮಾತ್ರೆ ನುಂಗುತ್ತಾ. ಮಕ್ಕಳು ಕೈಬಿಟ್ಟರೂ ನಾನು ನೋಡಿಕೊಳ್ಳುತ್ತೇನೆ ಅನ್ನುವ ದೊಡ್ಡವರು ಒಬ್ಬರಾದರೂ ಮನೆಯಲ್ಲಿ ಇರಬೇಕು. ಇಲ್ಲದಿದ್ದರೆ ಮುಂದೆ ಓದುವುದೇ ಬೇಡ.

ಅದಕ್ಕೇ ಮಾರ್ಕ್ಸ್ ಜೊತೆ ಮರಿಯನ್ನು ತಳುಕು ಹಾಕಬೇಡಿ. ಮಗಳಿಗೆ ಮಾರ್ಕ್ಸ್ ಕಡಿಮೆ ಬಂದರೆ? ಮುಂದಿನ ವರ್ಷ ಇನ್ನೂ ಕಡಿಮೆ ಬಂದರೆ ವಾಪಸ್ ಕೊಡ್ತೀರಾ? ಬಹುಮಾನ ಕೊಡಬೇಕು ಅನಿಸಿದರೆ ಸೈಕಲ್ ಕೊಡಿ.

ಮನೆಯ ಎಲ್ಲರನ್ನೂ ಕೂರಿಸಿ ಮಾತಾಡಿ. ಅಜ್ಜಿಗೆ ಮಡಿ ಇದ್ದರೆ ದೇವರಮನೆ, ಅಡುಗೆಮನೆಗೆ ಮರಿ ಹೋಗಬಾರದು ಅಂತ ಮೊದಲೇ ನಿಯಮ ಮಾಡಿ, ಆ ಬಾಗಿಲಿಗೆ ಒಂದು ಚಿಕ್ಕ ಗೇಟ್ ಹಾಕಿಸಿ. ಎಷ್ಟೋ ಮನೆಗಳಲ್ಲಿ ಜಗಳ ಅಷ್ಟಕ್ಕೇ ಮುಗಿಯುತ್ತದೆ. ಮನೆಕೆಲಸಕ್ಕೆ ಬರುವವರನ್ನೂ ಕೇಳಿ. ಅವರಿಗೆ ನಾಯಿ ಭಯ ಇದ್ದರೆ ಜೂನ್‌ನಲ್ಲಿ ನಿಮಗೆ ಎರಡು ಸಮಸ್ಯೆ. ಮಗುವಿಗೆ ಆಸ್ತಮಾ ಅಥವಾ ಅಲರ್ಜಿ ಇದ್ದರೆ ನಾಯಿ ಇರುವ ಪರಿಚಯದವರ ಮನೆಯಲ್ಲಿ ನಾಲ್ಕೈದು ಸಲ ಒಂದೆರಡು ತಾಸು ಕಳೆದು ನೋಡಿ, ಮಕ್ಕಳ ಡಾಕ್ಟರನ್ನೂ ಕೇಳಿ.

ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಬರಹದಲ್ಲಿ ಇರಲಿ, ವಾಟ್ಸಾಪ್ ಮೆಸೇಜ್ ಆದರೂ ಸರಿ. ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕುವುದನ್ನೇ ನಿಷೇಧ ಮಾಡುವಂತಿಲ್ಲ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗಂತ ಲಿಫ್ಟ್‌ನಲ್ಲಿ ಬೆಲ್ಟ್ ಇಲ್ಲದೆ ಬಿಡುವುದು, ಪಾರ್ಕಿಂಗ್‌ನಲ್ಲಿ ಗಲೀಜು ಮಾಡಿಸಿ ಸುಮ್ನೆ ಬರುವುದು ಹಕ್ಕಲ್ಲ. ನಗರದಲ್ಲಿದ್ದರೆ ಪಾಲಿಕೆಯ ಲೈಸೆನ್ಸ್ ನಿಯಮ ಏನಿದೆ ನೋಡಿಕೊಳ್ಳಿ. ಅಲ್ಲಿ ಮುಖ್ಯವಾಗಿ ಕೇಳುವುದು ರೇಬೀಸ್ ಲಸಿಕೆಯ ದಾಖಲೆ.

ಹಂತ 2: ಕ್ಯಾಲೆಂಡರ್ ತೆಗೆದುಕೊಂಡು ಕೂತುಕೊಳ್ಳಿ

ರಜೆ ಅಂದರೆ ಯಾವ ರಜೆ? ದೀಪಾವಳಿ ಉಡುಗೊರೆಯಾಗಿ ಮರಿ ತರುವುದರಷ್ಟು ಕೆಟ್ಟ ಯೋಚನೆ ಇನ್ನೊಂದಿಲ್ಲ. ಎರಡು ತಿಂಗಳ ಮರಿ ಸುಲಭವಾಗಿ ಹೆದರುವ ವಯಸ್ಸಿನಲ್ಲಿರುತ್ತದೆ. ಆಗ ಬಿದ್ದ ಹೆದರಿಕೆ ಬಹಳ ಕಾಲ ಉಳಿಯಬಹುದು. ಹೊಸ ಮನೆ, ಅಮ್ಮ ಇಲ್ಲ, ಮೇಲೆ ಆಟಂಬಾಂಬ್. ದಸರಾ ರಜೆಯೂ ಇದೇ ಕಾರಣಕ್ಕೆ ಅಷ್ಟಕ್ಕಷ್ಟೇ. ವಿಜಯದಶಮಿ ಆಗಿ ಮೂರು ವಾರದೊಳಗೆ ಪಟಾಕಿ ಶುರು. ಕ್ರಿಸ್‌ಮಸ್ ರಜೆ ತೀರಾ ಚಿಕ್ಕದು, ಹೊಸ ವರ್ಷದ ರಾತ್ರಿ ಗದ್ದಲ ಬೇರೆ.

ಉಳಿಯುವುದು ಬೇಸಿಗೆ. ಫೆಬ್ರವರಿ ಮಧ್ಯದಲ್ಲಿ ಹುಟ್ಟಿದ ಮರಿಗೆ ಏಪ್ರಿಲ್ ಮಧ್ಯದಲ್ಲಿ 8 ವಾರ ತುಂಬುತ್ತದೆ. ಮೇ ಕೊನೆಗೆ ಹೆಚ್ಚುಕಡಿಮೆ ಎಲ್ಲ ಲಸಿಕೆಗಳೂ ಆಗಿರುತ್ತವೆ. ಶಾಲೆ ಶುರುವಾಗುವಷ್ಟರಲ್ಲಿ ಮರಿ ಬೀದಿಗೆ ಇಳಿಯಲು ತಯಾರು. ದೀಪಾವಳಿ ಬರುವಾಗ ಎಂಟೊಂಬತ್ತು ತಿಂಗಳು, ಸ್ವಲ್ಪ ಗಟ್ಟಿಯಾಗಿರುತ್ತದೆ.

ಒಂದೇ ತೊಡಕು: ಬೇಸಿಗೆ ಅಂದರೆ ಮದುವೆ, ಜಾತ್ರೆ, ಅಜ್ಜಿ ಊರು. ಮೇ ತಿಂಗಳಲ್ಲಿ ಹತ್ತು ದಿನ ಊರಿಗೆ ಹೋಗುವುದಿದ್ದರೆ ಈ ವರ್ಷ ಬಿಟ್ಟುಬಿಡಿ. ಅಥವಾ ಊರಿಗೆ ಮೊದಲು ಹೋಗಿ ಬಂದು ಆಮೇಲೆ ಮರಿ ತನ್ನಿ. ಆದರೆ ಮರಿ ಬಂದ ದಿನದಿಂದ ಶಾಲೆ ಶುರುವಾಗುವ ದಿನದವರೆಗೆ ಕನಿಷ್ಠ ನಾಲ್ಕು ವಾರ ಇರಲೇಬೇಕು. ಕಲಬುರಗಿ, ರಾಯಚೂರು ಕಡೆ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಅಲ್ಲಿ ಮರಿಯನ್ನು ಸಾಗಿಸುವುದು ಬೆಳಗ್ಗೆ ಎಂಟರೊಳಗೆ ಆಗಬೇಕು.

ಸರ್‌ಪ್ರೈಸ್ ಕೊಡುವ ಆಸೆ ಇದೆಯಾ? ಒಂದು ಡಬ್ಬದಲ್ಲಿ ಕೊರಳಪಟ್ಟಿ ಮತ್ತು ಊಟದ ಬಟ್ಟಲು ಇಟ್ಟು ಕೊಡಿ. ಮಕ್ಕಳಿಗೆ ಅರ್ಥವಾಗುತ್ತದೆ, ಕುಣಿಯುತ್ತಾರೆ. ಮರಿಯನ್ನು ಅವರ ಜೊತೆಯೇ ಹೋಗಿ ನೋಡಿ. ರಿಬ್ಬನ್ ಕಟ್ಟಿದ ರಟ್ಟಿನ ಪೆಟ್ಟಿಗೆಯಿಂದ ಜೀವಂತ ಮರಿ ಹೊರಗೆ ಬರುವುದು ವಿಡಿಯೋದಲ್ಲಿ ಚಂದ, ಒಳಗೆ ಕೂತ ಮರಿಗೆ ಅಲ್ಲ.

ಹಂತ 3: ಒಂದು ವಾರ ಮರಿ ಇಲ್ಲದೆಯೇ ಸಾಕಿ

ನಗಬೇಡಿ, ಇದು ಕೆಲಸ ಮಾಡುತ್ತದೆ. ಪರೀಕ್ಷೆ ಮುಗಿದ ಮೇಲೆ ಒಂದು ವಾರ ಎಲ್ಲರೂ ನಾಯಿ ಇದ್ದ ಹಾಗೆ ನಡೆದುಕೊಳ್ಳಿ. ಬೆಳಗ್ಗೆ ಆರಕ್ಕೆ ಎದ್ದು ಮಗ ಒಂದು ಸುತ್ತು ನಡೆದು ಬರಬೇಕು. ಮಗಳು ದಿನಕ್ಕೆ ನಾಲ್ಕು ಸಲ ಬಟ್ಟಲು ತೊಳೆದಿಡಬೇಕು. ರಾತ್ರಿ ಹತ್ತೂವರೆಗೆ ಅಪ್ಪ, ನಡುರಾತ್ರಿ ಎರಡಕ್ಕೆ ಅಮ್ಮ ಎದ್ದು ಬಾಗಿಲು ತೆಗೆದು ಹೊರಗೆ ನಿಂತು ಬರಬೇಕು. ನಾಲ್ಕನೇ ದಿನಕ್ಕೆ ಮನೆಯ ನಿಜ ಬಣ್ಣ ಗೊತ್ತಾಗುತ್ತದೆ.

ಇದಕ್ಕಿಂತ ಒಳ್ಳೇ ದಾರಿ ಇನ್ನೊಂದಿದೆ. ಬೀದಿಯಿಂದ ಉಳಿಸಿದ ಮರಿಗಳನ್ನು ಕೆಲವು ವಾರ ಮನೆಯಲ್ಲಿಟ್ಟು ನೋಡಿಕೊಳ್ಳುವವರು ಪ್ರಾಣಿ ರಕ್ಷಣಾ ಸಂಸ್ಥೆಗಳಿಗೆ ಯಾವಾಗಲೂ ಬೇಕು. ಇದನ್ನು ಫೋಸ್ಟರಿಂಗ್ ಅನ್ನುತ್ತಾರೆ. ರಜೆಯಲ್ಲಿ ಎರಡು ವಾರ ಹಾಗೆ ಒಂದು ಮರಿ ಸಾಕಿ. ಇಷ್ಟವಾದರೆ ಅದೇ ಮರಿಯನ್ನು ಇಟ್ಟುಕೊಳ್ಳಬಹುದು. ಕಷ್ಟವಾದರೆ ಒಂದು ಮರಿಗೆ ಎರಡು ವಾರ ನೆರಳು ಕೊಟ್ಟ ಹಾಗಾಯಿತು, ಯಾರಿಗೂ ನಷ್ಟ ಇಲ್ಲ.

ಹಂತ 4: ಯಾವ ಮರಿ, ಎಲ್ಲಿಂದ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮೊದಲ ಸಲ ಸಾಕುವ ಮನೆಗೆ ನಮ್ಮ ನಾಟಿ ಮರಿಯೇ ಸರಿ. ನಮ್ಮ ಬಿಸಿಲಿಗೆ ಹೊಂದಿದ ಮೈ, ಚಿಕ್ಕ ಕೂದಲು, ವಂಶದಿಂದ ಬರುವ ಕಾಯಿಲೆಗಳು ಕಡಿಮೆ. ಬೆಂಗಳೂರಿನಲ್ಲಿ ಕ್ಯೂಪಾ ತರಹದ ಸಂಸ್ಥೆಗಳು ಮರಿಗಳನ್ನು ದತ್ತು ಕೊಡುತ್ತವೆ. ಹೆಣ್ಣುಮರಿಗಳನ್ನು ಕೇಳುವವರೇ ಇಲ್ಲ, ಎಲ್ಲರಿಗೂ ಗಂಡೇ ಬೇಕು. ಸಂತಾನಹರಣ ಆಪರೇಷನ್ ಮಾಡಿಸಿದರೆ ಹೆಣ್ಣು ನಾಯಿ ಸಾಕುವುದರಲ್ಲಿ ಯಾವ ಕಷ್ಟವೂ ಇಲ್ಲ, ಯೋಚನೆ ಮಾಡಿ. ಬೀದಿಯ ಮರಿ ಎತ್ತಿಕೊಂಡು ಬರುವುದಾದರೆ 8 ವಾರ ತುಂಬುವವರೆಗೆ ತಾಯಿ ಹತ್ತಿರವೇ ಬಿಡಿ. ಅಲ್ಲಿಯವರೆಗೆ ತಾಯಿಗೆ ಊಟ ಹಾಕಿ.

ಜಾತಿ ನಾಯಿಯೇ ಬೇಕು ಅಂದರೆ ಮುಖ ನೋಡಿ ಮಣೆ ಹಾಕಬೇಡಿ. ಹಸ್ಕಿ ಹಿಮದ ನಾಡಿನ ನಾಯಿ, ಅದನ್ನು ಬಳ್ಳಾರಿಗೆ ತರುವುದು ಅನ್ಯಾಯ. ಪಗ್ ಜಾಹೀರಾತಿನಿಂದ ಮನೆಮನೆಗೆ ಬಂತು, ಆದರೆ ಅದರ ಚಪ್ಪಟೆ ಮೂಗಿನಲ್ಲಿ ಸೆಖೆಗಾಲಕ್ಕೆ ಉಸಿರಾಡುವುದೇ ಕಷ್ಟ. ಬೀಗಲ್ ಮುದ್ದಾಗಿದೆ, ಗಂಟಲು ದೊಡ್ಡದು. ಲ್ಯಾಬ್ರಡಾರ್ ಮಕ್ಕಳಿಗೆ ಹೊಂದುತ್ತದೆ ಅನ್ನುವುದು ನಿಜ. ಆದರೆ ವರ್ಷದೊಳಗೆ 25-30 ಕೆಜಿ ಆಗುತ್ತದೆ, ಎಂಟು ವರ್ಷದ ಮಗುವನ್ನು ರಸ್ತೆಯಲ್ಲಿ ಎಳೆದುಕೊಂಡು ಹೋಗುತ್ತದೆ. ನಮ್ಮದೇ ಮುಧೋಳ ನಾಯಿ ನೋಡಲು ಎಷ್ಟು ಚಂದ ಅಲ್ವಾ! 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ಅದು ಓಡುವ ಬೇಟೆ ನಾಯಿ. ಹೊಲ, ತೋಟ ಇದ್ದವರು ಸಾಕಲಿ, ಎರಡು ಬೆಡ್‌ರೂಮಿನ ಫ್ಲ್ಯಾಟ್‌ನಲ್ಲಿ ಬೇಡ. ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳನ್ನು ನಿಷೇಧಿಸಲು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರು ತಿಂಗಳೇ ರದ್ದು ಮಾಡಿತು. ಕೋರ್ಟ್ ಸುತ್ತೋಲೆ ರದ್ದು ಮಾಡಿತು ಅಂತ ಚಿಕ್ಕ ಮಕ್ಕಳಿರುವ ಮನೆಗೆ ಅದೇ ಮೊದಲ ನಾಯಿಯಾಗಿ ಬರಬೇಕಿಲ್ಲ.

ದುಡ್ಡು ಕೊಟ್ಟು ಕೊಳ್ಳುವವರು 2017ರ ಶ್ವಾನ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಬಗ್ಗೆ ತಿಳಿದಿರಬೇಕು. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. 8 ವಾರಕ್ಕಿಂತ ಚಿಕ್ಕ ಮರಿ ಮಾರುವಂತಿಲ್ಲ. ಮರಿಗೆ ಮೈಕ್ರೋಚಿಪ್ ಹಾಕಿರಬೇಕು, ಲಸಿಕೆ ದಾಖಲೆ ಕೊಡಬೇಕು. "ಕೆಸಿಐ ಪೇಪರ್ ಇದೆ" ಅನ್ನುವ ಮಾತಿಗೆ ಮರುಳಾಗಬೇಡಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಈ ಪತ್ರ ವಂಶಾವಳಿ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಬ್ರೀಡರ್‌ಗೆ ಬೇಕಾದ ನೋಂದಣಿಯೂ ಅದಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ತಾಯಿಯನ್ನು ತೋರಿಸಿ ಅಂತ ಕೇಳಿ. ತಾಯಿ ಬೇರೆ ಕಡೆ ಇದೆ, ಬಸ್ ಸ್ಟ್ಯಾಂಡ್ ಹತ್ತಿರ ಬನ್ನಿ ಮರಿ ಕೊಡ್ತೀವಿ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಮರಿಯನ್ನು ಕೈಯಲ್ಲಿ ಹಿಡಿದಾಗ ಗಮನಿಸಿ. ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ ಇರಬಾರದು. ಹೊಟ್ಟೆ ಡೊಳ್ಳಾಗಿ ಪಕ್ಕೆಲುಬು ಕಾಣುತ್ತಿದ್ದರೆ ಜಂತುಹುಳು ಇರಬಹುದು. ಬಾಲದ ಕೆಳಗೆ ಒದ್ದೆ ಅಥವಾ ಅಂಟು ಇದ್ದರೆ ಭೇದಿ ಆಗುತ್ತಿದೆ ಅಂತ ಅರ್ಥ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆಹುಳು ಇದೆಯಾ ನೋಡಿ. ಮೂಲೆಯಲ್ಲಿ ಮುದುಡಿ ಕೂತ ಮರಿ ಮೇಲೆ ಮಕ್ಕಳಿಗೆ ಕರುಣೆ ಬರುತ್ತದೆ. ಎಲ್ಲರ ಮೇಲೆ ಹಾರುವ ಮರಿ ಮೇಲೆ ಆಸೆ ಬರುತ್ತದೆ. ನೀವು ನಡುವಿನದ್ದನ್ನು ಆರಿಸಿ: ಹತ್ತಿರ ಬಂದು ಮೂಸಿ, ಸ್ವಲ್ಪ ಆಡಿ, ಮತ್ತೆ ತನ್ನ ಪಾಡಿಗೆ ಹೋಗುವ ಮರಿ.

ಹಂತ 5: ಮನೆಯನ್ನು ಮೊಣಕಾಲ ಮೇಲೆ ಕೂತು ನೋಡಿ

ಮರಿಯ ಕಣ್ಣಿನ ಎತ್ತರಕ್ಕೆ ಇಳಿದರೆ ಬೇರೆಯೇ ಮನೆ ಕಾಣುತ್ತದೆ. ನೇತಾಡುವ ಚಾರ್ಜರ್ ವೈರು, ಮಂಚದಡಿಯ ಇಲಿ ಪಾಷಾಣ, ಬೀರುವಿನ ನುಸಿಗುಳಿಗೆ, ಮಕ್ಕಳು ಬೀಳಿಸಿದ ರಬ್ಬರು. ಅಂಗಳದ ಕಣಗಿಲೆ ಗಿಡ ನಾಯಿಗೆ ವಿಷ, ಬೇಲಿ ಹಾಕಿ. ನೆಲಕ್ಕೆ ಫಿನಾಯಿಲ್ ಒರೆಸಿ ಒದ್ದೆ ಇರುವಾಗಲೇ ಮರಿ ಬಿಟ್ಟರೆ ಅದು ಪಾದ ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಬಾಲ್ಕನಿ ಸರಳುಗಳ ಸಂದಿಯಲ್ಲಿ ಮರಿ ನುಸುಳುತ್ತದಾ ಅಳೆದು ನೋಡಿ.

ಬೇಸಿಗೆಯದ್ದೇ ಒಂದು ಅಪಾಯ ಇದೆ: ಮಾವಿನ ಓಟೆ. ಮಕ್ಕಳು ಹಣ್ಣು ಚೀಪಿ ಓಟೆಯನ್ನು ಅಲ್ಲೇ ಎಸೆಯುತ್ತಾರೆ, ರುಚಿಗೆ ಮರಿ ಓಡುತ್ತದೆ. ಕಚ್ಚಿ ತುಂಡು ಮಾಡಿ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳಬಹುದು. ಆಪರೇಷನ್ನೇ ಬೇಕಾಗಬಹುದು. ಕಸದ ಡಬ್ಬಕ್ಕೆ ಮುಚ್ಚಳ ಇರಲಿ.

ಕೊಳ್ಳಬೇಕಾದ್ದು ಕಡಿಮೆಯೇ. ಎರಡು ಸ್ಟೀಲ್ ಬಟ್ಟಲು, ಕೊರಳಪಟ್ಟಿ, ಹಗುರ ಹಗ್ಗ, ಕಚ್ಚಲು ಎರಡು ಗಟ್ಟಿ ರಬ್ಬರ್ ಆಟಿಕೆ. ಹಾಸಿಗೆಗೆ ಹಳೇ ಕಾಟನ್ ಸೀರೆ ನಾಲ್ಕು ಮಡಿಕೆ ಹಾಕಿದರೆ ಸಾಕು. ಹಳೇ ಚಪ್ಪಲಿ ಆಟಕ್ಕೆ ಕೊಡಬೇಡಿ. ಹಳೇದು ಯಾವುದು, ಮೊನ್ನೆ ತಂದದ್ದು ಯಾವುದು ಅನ್ನುವ ವ್ಯತ್ಯಾಸ ಅದಕ್ಕೆ ಗೊತ್ತಾಗಲ್ಲ.

ಹಂತ 6: ಮೊದಲ ಎರಡು ದಿನ

ಮರಿಯನ್ನು ಬೆಳಗ್ಗೆ ಕರೆತನ್ನಿ, ರಾತ್ರಿಯೊಳಗೆ ಮನೆ ಸ್ವಲ್ಪ ಪರಿಚಯವಾಗಿರುತ್ತದೆ. ಅದು ಅಲ್ಲಿ ಏನು ತಿನ್ನುತ್ತಿತ್ತು ಕೇಳಿ, ಒಂದು ವಾರ ಅದನ್ನೇ ಕೊಡಿ. ಬರುವಾಗ ತಾಯಿ ಮಲಗಿದ ಬಟ್ಟೆಯ ಒಂದು ತುಂಡು ಕೇಳಿ ತನ್ನಿ. ಆ ವಾಸನೆಗೆ ಮರಿ ಸಮಾಧಾನವಾಗುತ್ತದೆ.

ಮಕ್ಕಳ ಗೆಳೆಯರ ದಂಡನ್ನು ಮೊದಲ ವಾರ ಕರೆಯಬೇಡಿ. ಇದು ಮಕ್ಕಳಿಗೆ ತುಂಬಾ ಕಷ್ಟದ ನಿಯಮ, ಆದರೂ ಬಿಡಬೇಡಿ. ಎರಡು ತಿಂಗಳ ಮರಿ ದಿನಕ್ಕೆ 18 ಗಂಟೆ ನಿದ್ದೆ ಮಾಡುತ್ತದೆ. ನಿದ್ದೆಗೆಟ್ಟ ಮರಿ ಸಿಕ್ಕಸಿಕ್ಕವರನ್ನು ಕಚ್ಚುತ್ತದೆ.

ಎತ್ತುವುದು ಹೇಗೆ ಅಂತ ಮೊದಲ ದಿನವೇ ಕಲಿಸಿ. ಮಗು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಮರಿ ತಾನೇ ತೊಡೆ ಹತ್ತಬೇಕು. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಮುಂಗಾಲು ಹಿಡಿದು ಜೋತಾಡಿಸುವುದು, ನಿಂತುಕೊಂಡು ಎತ್ತುವುದು ಎರಡೂ ಬೇಡ. ಮರಿ ಒಮ್ಮೆ ಕೊಸರಿದರೆ ಸಾಕು, ಮಗು ಕೈಬಿಡುತ್ತದೆ. ಆ ಎತ್ತರದಿಂದ ಗ್ರಾನೈಟ್ ನೆಲಕ್ಕೆ ಬಿದ್ದ ಮರಿಯ ಕಾಲು ಮುರಿಯುತ್ತದೆ.

ಮೊದಲ ರಾತ್ರಿ ಅದು ಅಳುತ್ತದೆ. ಖಂಡಿತ ಅಳುತ್ತದೆ. ಬಚ್ಚಲಲ್ಲೋ ಬಾಲ್ಕನಿಯಲ್ಲೋ ಕೂಡಿಹಾಕಿದರೆ ಇನ್ನೂ ಜಾಸ್ತಿ ಅಳುತ್ತದೆ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಸೀರೆ ಹಾಸಿ ನಿಮ್ಮ ಮಂಚದ ಪಕ್ಕವೇ ಇಡಿ, ಕೈ ಇಳಿಬಿಟ್ಟರೆ ತಾಗುವಷ್ಟು ಹತ್ತಿರ. ನಾಲ್ಕೈದು ದಿನ ಆದ ಮೇಲೆ ಪೆಟ್ಟಿಗೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ದೂರ ಸರಿಸಿ.

ಹಂತ 7: ಡಾಕ್ಟರು, ಲಸಿಕೆ, ಮತ್ತು ಪಾರ್ವೋ

ಎರಡನೇ ಅಥವಾ ಮೂರನೇ ದಿನ ಪಶುವೈದ್ಯರ ಹತ್ತಿರ ಹೋಗಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲೂ ನಾಯಿಗಳನ್ನು ನೋಡುತ್ತಾರೆ. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆಸ್ಪತ್ರೆ ನೆಲಕ್ಕೆ ಮರಿಯನ್ನು ಇಳಿಸಬೇಡಿ, ತೊಡೆ ಮೇಲೇ ಇರಲಿ.

ಲಸಿಕೆ ಸಾಮಾನ್ಯವಾಗಿ 6-8 ವಾರಕ್ಕೆ ಶುರುವಾಗಿ, ಮೂರು-ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ ನಡೆಯುತ್ತದೆ. ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್, ಇಲಿಜ್ವರ ಈ ನಾಲ್ಕು ರೋಗಗಳ ಲಸಿಕೆ ಒಂದೇ ಸೂಜಿಯಲ್ಲಿ ಬರುತ್ತದೆ. ಮೂರು ತಿಂಗಳಿಗೆ ರೇಬೀಸ್. ಜಂತುಹುಳದ ಔಷಧ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ನಾಯಿಯ ಜಂತುಹುಳು ಮಕ್ಕಳಿಗೂ ಬರುತ್ತದೆ, ಹಾಗಾಗಿ ಮರಿ ಮುಟ್ಟಿದ ಕೈ ತೊಳೆಯದೆ ಊಟ ಇಲ್ಲ.

ಪಾರ್ವೋ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ರಜೆಯ ಮರಿಗಳನ್ನು ಕೊಲ್ಲುವುದು ಹೆಚ್ಚಾಗಿ ಇದೇ. ಬೆಳಗ್ಗೆ ಊಟ ಬಿಡುತ್ತದೆ, ಮಧ್ಯಾಹ್ನ ವಾಂತಿ, ಸಂಜೆಗೆ ರಕ್ತ ಬೆರೆತ ನೀರಿನಂಥ ಭೇದಿ. ವಾಸನೆ ಎಷ್ಟು ಕೆಟ್ಟದಾಗಿರುತ್ತದೆ ಅಂದರೆ ಒಮ್ಮೆ ಮೂಸಿದವರು ಮರೆಯಲ್ಲ. ಮಜ್ಜಿಗೆ ಕೊಡೋಣ, ನಾಳೆ ನೋಡೋಣ ಅಂತ ಕೂತರೆ ನಾಳೆ ಮರಿ ಇರುವುದಿಲ್ಲ. ಆ ಗಂಟೆಯೇ ಡ್ರಿಪ್ ಹಾಕಿಸಬೇಕು. ಚಿಕಿತ್ಸೆಗೆ ಸಾವಿರಾರು ರೂಪಾಯಿ ಬೇಕಾಗುತ್ತದೆ, ಅದನ್ನು ಮೊದಲೇ ತೆಗೆದಿಡಿ. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್‌ಗೆ ಜಗ್ಗುವುದಿಲ್ಲ. ನೀರಿಗೆ ಬೆರೆಸಿದ ಬ್ಲೀಚ್ ಬೇಕು. ಹಿಂದಿನ ಮರಿ ನಿಮ್ಮ ಮನೆಯಲ್ಲೇ ಪಾರ್ವೋದಿಂದ ಸತ್ತಿದ್ದರೆ ಡಾಕ್ಟರನ್ನು ಕೇಳದೆ ಇನ್ನೊಂದು ಮರಿ ತರಬೇಡಿ.

ಇನ್ನೊಂದು ಮಾತು, ಇದನ್ನು ಮನೆಯವರೆಲ್ಲರೂ ನೆನಪಿಡಬೇಕು. ಮರಿ ಆಡುತ್ತಾ ಮಗುವನ್ನು ಕಚ್ಚಿ ಅಥವಾ ಪರಚಿ ರಕ್ತ ಬಂದರೆ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಮನೆ ಮರಿ, ಪುಟಾಣಿ ಮರಿ ಅನ್ನುವ ಸಮಾಧಾನ ಬೇಡ. ಪುಟಾಣಿ ಮರಿಗೂ ರೇಬೀಸ್ ಇರಬಹುದು. ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಹಚ್ಚಬೇಡಿ. ಚುಚ್ಚುಮದ್ದು ಬೇಕೋ ಬೇಡವೋ ಡಾಕ್ಟರು ಹೇಳಲಿ. ಬೈತಾರೆ ಅಂತ ಮಕ್ಕಳು ಗಾಯ ಮುಚ್ಚಿಡುತ್ತಾರೆ. ಹೇಳಿದರೆ ಬೈಯಲ್ಲ, ಮರಿಯನ್ನೂ ಕಳಿಸಲ್ಲ ಅಂತ ಮೊದಲೇ ಮಾತು ಕೊಡಿ.

ಹಂತ 8: ಊಟ

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಹಾಲು-ಅನ್ನ, ಹಾಲು-ಬಿಸ್ಕತ್ತು ಕೊಟ್ಟು ಸಾಕುವ ಅಭ್ಯಾಸ ನಮ್ಮಲ್ಲಿ ಹಳೆಯದು. ಬೆಳೆಯುವ ಮರಿಗೆ ಅದು ಸಾಲದು, ಹಾಲು ಎಷ್ಟೋ ಮರಿಗಳಿಗೆ ಭೇದಿ ಮಾಡಿಸುತ್ತದೆ. ಮರಿಗಳ ಆಹಾರದ ಪ್ಯಾಕೆಟ್ಟನ್ನು ಬಿಸಿನೀರಲ್ಲಿ ನೆನೆಸಿ ಕೊಡಬಹುದು. ಮನೆ ಊಟವೇ ಆದರೆ ಮೆತ್ತಗಿನ ಅನ್ನ, ಉಪ್ಪು-ಖಾರ ಹಾಕದೆ ಬೇಯಿಸಿದ ಮೂಳೆಯಿಲ್ಲದ ಕೋಳಿ ಅಥವಾ ಮೊಟ್ಟೆ, ಒಂದು ಚಮಚ ಮೊಸರು. ಮಾಂಸ ಮಾಡದ ಮನೆಯವರು ಡಾಕ್ಟರ ಹತ್ತಿರ ಕೂತು ಊಟದ ಪಟ್ಟಿ ಬರೆಸಿಕೊಳ್ಳಿ. ಬರೀ ಮೊಸರನ್ನದಲ್ಲಿ ಮರಿ ಬೆಳೆಯಲ್ಲ.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೊಡಲೇಬಾರದು. ಹಾಗಾಗಿ ಉಳಿದ ಸಾಂಬಾರನ್ನ, ದ್ರಾಕ್ಷಿ ಬಿದ್ದ ಪಾಯಸ ಎರಡೂ ಇಲ್ಲ. ಬೇಯಿಸಿದ ಕೋಳಿ ಮೂಳೆ ಸೀಳಿ ಚುಚ್ಚುತ್ತದೆ. ಜ್ವರ ಬಂದಿದೆ ಅಂತ ನಮ್ಮ ಮಾತ್ರೆಗಳನ್ನು ಅದಕ್ಕೆ ಕೊಡಬೇಡಿ.

ಹಂತ 9: ರಜೆಯ ಆರು ವಾರದ ಕೆಲಸ

ಉಚ್ಚೆ ಕಲಿಸುವುದು ಮೊದಲು. ಎದ್ದ ತಕ್ಷಣ, ಉಂಡ ಮೇಲೆ, ಆಡಿದ ಮೇಲೆ, ಮಲಗುವ ಮುಂಚೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಮಾಡಿದರೆ ತಕ್ಷಣ ಶಭಾಷ್, ಒಂದು ಚೂರು ತಿಂಡಿ. ಒಳಗೆ ಮಾಡಿದರೆ ಸುಮ್ನೆ ಒರೆಸಿ. ಮೂಗು ಉಜ್ಜುವುದು, ಪೇಪರ್ ಸುರುಳಿಯಲ್ಲಿ ಹೊಡೆಯುವುದು ಹಳೇ ಕಾಲದ ತಪ್ಪು. ಅದರಿಂದ ಮರಿ ಕಲಿಯುವುದು ಸೋಫಾ ಹಿಂದೆ ಅಡಗಿ ಮಾಡುವುದನ್ನು. ಎರಡು ತಿಂಗಳ ಮರಿ ಹೆಚ್ಚೆಂದರೆ ಮೂರು ತಾಸು ತಡೆದುಕೊಳ್ಳುತ್ತದೆ, ಹಗಲಲ್ಲಿ ಅದೂ ಇಲ್ಲ.

ಎರಡನೆಯದು ಲೋಕ ತೋರಿಸುವುದು. ಮೂರೂವರೆ ತಿಂಗಳೊಳಗೆ ಮರಿ ಏನೇನು ನೋಡುತ್ತದೋ ಅದಕ್ಕೆ ಮುಂದೆ ಹೆದರುವುದು ಕಡಿಮೆ. ಆದರೆ ಲಸಿಕೆ ಮುಗಿಯುವವರೆಗೆ ಬೀದಿಗೆ ಬಿಡುವಂತಿಲ್ಲ. ದಾರಿ ಸುಲಭ: ಎತ್ತಿಕೊಂಡು ಹೋಗಿ. ಆಟೋ ಸದ್ದು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಕೋಲು ಹಿಡಿದ ತಾತ, ಹಸು. ಮನೆಯೊಳಗೆ ಕುಕ್ಕರ್ ವಿಷಲ್, ಮಿಕ್ಸಿ. ಮಿಕ್ಸಿ ಶುರು ಮಾಡುವ ಮುಂಚೆ ಮರಿ ಮುಂದೆ ಒಂದು ತುಂಡು ಬೆಂದ ಕ್ಯಾರೆಟ್ ಹಾಕಿ, ದೂರದಿಂದ ಎರಡು ಸೆಕೆಂಡ್ ಮಾತ್ರ ತಿರುಗಿಸಿ. ನಾಲ್ಕು ದಿನ ಹೀಗೆ ಮಾಡಿದರೆ ಮಿಕ್ಸಿ ಸದ್ದಿಗೆ ಅದು ಅಡುಗೆಮನೆ ಗೇಟಿನ ಹತ್ತಿರ ಬಾಲ ಅಲ್ಲಾಡಿಸುತ್ತಾ ಬಂದು ಕೂರುತ್ತದೆ.

ಕಚ್ಚುವುದು ಮೂರನೆಯದು. ಹಾಲುಹಲ್ಲು ಸೂಜಿಯಂತಿರುತ್ತವೆ, ಏಳು ತಿಂಗಳೊಳಗೆ ಬಿದ್ದು ಬೇರೆ ಬರುತ್ತವೆ. ಮರಿ ಕೈ ಕಚ್ಚಿದಾಗ ಮಕ್ಕಳು ಕಿರುಚಿ ಓಡುತ್ತಾರೆ, ಮರಿಗೆ ಅದೇ ಆಟ. ಓಡಬೇಡಿ, ಕೈ ಕಟ್ಟಿ ಗೋಡೆ ಕಡೆ ತಿರುಗಿ ನಿಲ್ಲಿ ಅಂತ ಹೇಳಿಕೊಡಿ. ಆಟ ನಿಂತಿತು ಅಂತ ಮರಿಗೆ ಗೊತ್ತಾಗುತ್ತದೆ. ಆಮೇಲೆ ಆಟಿಕೆ ಕೊಡಿ.

ಮಕ್ಕಳಿಗೆ ಮರಿಯ ಭಾಷೆ ಕಲಿಸಿ. ಮುಖ ತಿರುಗಿಸಿಕೊಂಡರೆ, ನಿದ್ದೆ ಇಲ್ಲದೆಯೂ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಮೈ ಬಿಗಿ ಹಿಡಿದರೆ ಅದಕ್ಕೆ ಸಾಕಾಗಿದೆ, ಬಿಡಬೇಕು. ತಿನ್ನುವಾಗ, ಮಲಗಿದಾಗ ಮುಟ್ಟಬಾರದು. ಆರು ವರ್ಷದೊಳಗಿನ ಮಗು ಮತ್ತು ಮರಿಯನ್ನು ಇಬ್ಬರನ್ನೇ ಬಿಟ್ಟು ಬಾಗಿಲು ತೆಗೆಯಲೂ ಹೋಗಬೇಡಿ.

ಆರು ವರ್ಷದ ಮಗು ನೀರಿನ ಬಟ್ಟಲು ತುಂಬಲಿ. ಒಂಬತ್ತು-ಹತ್ತರವರು ಊಟ ಅಳೆದು ಹಾಕಲಿ, ಬಾಚಲಿ, "ಕೂತ್ಕೋ" "ಬಾ" ಕಲಿಸಲಿ. ಮನೆಯವರೆಲ್ಲ ಒಂದೇ ಪದ ಬಳಸಬೇಕು. ಅಪ್ಪ "ಸಿಟ್", ಅಜ್ಜಿ "ಕುಂತ್ಕೋ", ಮಗ "ಬೈಠೋ" ಅಂದರೆ ಮರಿ ಯಾರ ಮಾತೂ ಕೇಳಲ್ಲ. ಹಗ್ಗ ಹಿಡಿಯುವುದು ಹನ್ನೆರಡು ದಾಟಿದ ಮೇಲೆ, ಅದೂ ಮೊದಮೊದಲು ದೊಡ್ಡವರ ಜೊತೆ.

ಬಿಸಿಲಿನ ಬಗ್ಗೆ ಎರಡೇ ಮಾತು. ನಿಮ್ಮ ಅಂಗೈಯನ್ನು ರಸ್ತೆ ಮೇಲೆ ಐದು ಸೆಕೆಂಡ್ ಇಡಲು ಆಗದಿದ್ದರೆ ಮರಿಯ ಪಾದವೂ ಸುಡುತ್ತದೆ. ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷ ಕೂಡ ಬಿಡಬೇಡಿ. ವಿಪರೀತ ಏದುಸಿರು, ಜೊಲ್ಲು, ತೂರಾಟ ಕಂಡರೆ ಮೈಗೆ ನಲ್ಲಿ ನೀರು ಸುರಿದು, ಫ್ಯಾನ್ ಹಾಕಿ, ಆಸ್ಪತ್ರೆಗೆ ಓಡಿ.

ಹಂತ 10: ಮೇ 15ರಿಂದ ಒಂಟಿತನದ ಪಾಠ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಆರು ವಾರ ಇಪ್ಪತ್ತನಾಲ್ಕು ಗಂಟೆ ಮಕ್ಕಳ ತೊಡೆ ಮೇಲಿದ್ದ ಮರಿಗೆ ಜೂನ್ ಮೊದಲ ಸೋಮವಾರ ಇದ್ದಕ್ಕಿದ್ದಂತೆ ಖಾಲಿ ಮನೆ. ಊಳಿಡದೆ ಇನ್ನೇನು ಮಾಡೀತು?

ಮೇ ಮಧ್ಯದಿಂದಲೇ ಶುರು ಮಾಡಿ. ಮೊದಲ ದಿನ ಕಚ್ಚಲು ಆಟಿಕೆ ಕೊಟ್ಟು, ಬಾಗಿಲು ಹಾಕಿ, ಹೊರಗೆ ಒಂದು ನಿಮಿಷ ನಿಂತು ಒಳಗೆ ಬನ್ನಿ. ಹೋಗುವಾಗ ಟಾಟಾ ಬೇಡ, ಬಂದಾಗ ಸಂಭ್ರಮ ಬೇಡ. ಮರುದಿನ ಐದು ನಿಮಿಷ, ಆಮೇಲೆ ಹದಿನೈದು, ಅರ್ಧ ಗಂಟೆ. ಅತ್ತರೆ ಒಂದು ಹೆಜ್ಜೆ ಹಿಂದೆ ಬನ್ನಿ. ನಡುನಡುವೆ ಮಕ್ಕಳು ಯೂನಿಫಾರ್ಮ್ ಹಾಕಿ, ಬ್ಯಾಗ್ ಹೊತ್ತು, ಷೂ ಕಟ್ಟಿ ಹೊರಗೆ ಹೋಗಿ ಐಸ್‌ಕ್ರೀಂ ತಿಂದು ಬರಲಿ. ಷೂ ಕಂಡರೆ ಅಳುವ ಅಭ್ಯಾಸ ಅಲ್ಲಿಗೆ ತಪ್ಪುತ್ತದೆ. ಮೇ ಕೊನೆಯ ವಾರ ಊಟ-ನಿದ್ದೆಯ ಹೊತ್ತನ್ನು ಶಾಲೆಯ ಟೈಮಿಗೆ ಹೊಂದಿಸಿ. ಬೆಳಗ್ಗೆ ಬೇಗ ಆಡಿಸಿ ದಣಿಸಿದರೆ ಎಲ್ಲರೂ ಹೊರಟ ಮೇಲೆ ಅದು ಮಲಗುತ್ತದೆ.

ಆದರೂ ಈ ವಯಸ್ಸಿನ ಮರಿಯನ್ನು ಮೂರ್ನಾಲ್ಕು ಗಂಟೆಗಿಂತ ಜಾಸ್ತಿ ಒಂಟಿಯಾಗಿ ಬಿಡುವಂತಿಲ್ಲ. ಮಧ್ಯಾಹ್ನ ಯಾರು ಬಂದು ಹೊರಗೆ ಬಿಡುತ್ತಾರೆ? ಆ ಹೆಸರು ಮಾರ್ಚ್‌ನಲ್ಲೇ ಗೊತ್ತಿರಬೇಕಿತ್ತು. ಅಜ್ಜ-ಅಜ್ಜಿ ಇಲ್ಲದ ಮನೆಯಾದರೆ ನಂಬಿಕೆಯ ನೆರೆಯವರು, ಇಲ್ಲವೇ ಸಂಬಳ ಕೊಟ್ಟು ಒಬ್ಬರು. ಯಾರೂ ಸಿಗದಿದ್ದರೆ ಮರಿ ಬೇಡ, ಎರಡು-ಮೂರು ವರ್ಷದ ದೊಡ್ಡ ನಾಯಿ ದತ್ತು ತೆಗೆದುಕೊಳ್ಳಿ. ಅದು ಸಲೀಸಾಗಿ ಮಲಗಿರುತ್ತದೆ, ಮಕ್ಕಳಿಗೂ ಎಷ್ಟೋ ಸಲ ಹೆಚ್ಚು ಹೊಂದುತ್ತದೆ.

ಹಂತ 11: ಮಳೆಗಾಲ, ಆಮೇಲೆ ಪಟಾಕಿ

ಜೂನ್ ಮಳೆಗೆ ಉಣ್ಣೆ ಕಾಟ ಶುರು. ದಿನಾ ಸಂಜೆ ಕಿವಿ, ಕುತ್ತಿಗೆ, ಬೆರಳ ಸಂದಿ ನೋಡುವುದು ಮಕ್ಕಳ ಕೆಲಸವಾಗಲಿ. ಕಂಡರೆ ದೊಡ್ಡವರು ಚಿಮಟದಿಂದ ಬುಡ ಹಿಡಿದು ನೇರವಾಗಿ ಎಳೆಯಬೇಕು, ಬರಿಗೈಯಲ್ಲಿ ಹಿಸುಕಬಾರದು. ಉಣ್ಣೆ ಜ್ವರ ಬಂದ ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ಒಸಡು ಬಿಳಿಚುತ್ತದೆ. ಮಳೆಗೆ ಹೊರಬರುವ ನೆಲಗಪ್ಪೆಯನ್ನು ಮರಿ ಬಾಯಿಗೆ ಹಾಕಿ ಜೊಲ್ಲು ಸುರಿಸಿದರೆ ಬಾಯಿಯನ್ನು ನೀರಲ್ಲಿ ಚೆನ್ನಾಗಿ ತೊಳೆದು ಡಾಕ್ಟರಿಗೆ ಫೋನ್ ಮಾಡಿ. ಆರು ತಿಂಗಳಾದ ಮೇಲೆ ಸಂತಾನಹರಣದ ಬಗ್ಗೆ ಕೇಳಿ. ಮುಂದಿನ ವರ್ಷಗಳ ರೇಬೀಸ್ ಲಸಿಕೆ ದಿನಾಂಕ ಮರೆಯುವವರಿಗೆ ಒಂದು ಗುರುತು: ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಹೊತ್ತಿಗೆ ಎಷ್ಟೋ ಊರುಗಳ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ.

ದೀಪಾವಳಿಗೆ ಮೂರು ವಾರ ಮುಂಚೆ ಮೊಬೈಲಿನಲ್ಲಿ ಪಟಾಕಿ ಸದ್ದು ಸಣ್ಣಗೆ ಹಾಕಿ ಊಟ ಕೊಡಿ, ದಿನದಿನಕ್ಕೆ ಸ್ವಲ್ಪ ಏರಿಸಿ. ಹಬ್ಬದ ಮೂರು ದಿನ ಸಂಜೆ ಐದರೊಳಗೆ ತಿರುಗಾಟ ಮುಗಿಯಲಿ, ಕಿಟಕಿ ಮುಚ್ಚಿ ಫ್ಯಾನ್, ಟೀವಿ ಹಾಕಿ. ಹೆದರಿ ಓಡಿಹೋಗುವ ನಾಯಿಗಳು ಜಾಸ್ತಿ, ಕೊರಳಪಟ್ಟಿ ಮೇಲೆ ನಿಮ್ಮ ಫೋನ್ ನಂಬರ್ ಇರಲೇಬೇಕು.

ಎಲ್ಲಾ ಮಾಡಿಯೂ ಆಗದಿದ್ದರೆ

ಅಂಥದ್ದೂ ಆಗುತ್ತದೆ. ವರ್ಗಾವಣೆ, ಕಾಯಿಲೆ, ಅಲರ್ಜಿ. ಆಗ ಬೇಗ ಹೇಳಿ. ಎಲ್ಲಿಂದ ತಂದಿರೋ ಅವರಿಗೆ ಮೊದಲು, ಆಮೇಲೆ ನಿಮ್ಮ ಪಶುವೈದ್ಯರಿಗೆ. ನಾಲ್ಕು ತಿಂಗಳ ಮರಿಗೆ ಮನೆ ಸಿಗುವುದು ಒಂದು ವರ್ಷದ ನಾಯಿಗಿಂತ ಸುಲಭ. ಲಸಿಕೆ ಪುಸ್ತಕ, ಅದು ತಿನ್ನುವ ಊಟ, ಹೆದರುವ ಸದ್ದು, ಕಚ್ಚಿದ ಘಟನೆ ಇದ್ದರೆ ಅದನ್ನೂ ಮುಚ್ಚಿಡದೆ ಬರೆದುಕೊಡಿ. ಡಾಬಾ ಹತ್ತಿರ, ದೇವಸ್ಥಾನದ ಹತ್ತಿರ ಬಿಟ್ಟರೆ ಯಾರಾದರೂ ಊಟ ಹಾಕ್ತಾರೆ ಅನ್ನುವ ಲೆಕ್ಕಾಚಾರ ಬೇಡ. ಸಾಕಿದ ಪ್ರಾಣಿಯನ್ನು ಹಸಿವೆಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಹೊಸ ಮನೆಗೆ ಕಳಿಸುವಾಗ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. "ಊರಿಗೆ ಹೋಯ್ತು" ಅಂತ ಸುಳ್ಳು ಹೇಳಬೇಡಿ.